ಕ್ರೀಡಾಂಗಣದ ಗಾಯಗಳು

ಬೆಳೆಯುವ ವಯಸ್ಸಿನ ಮಕ್ಕಳಿಗೆ ಆಟವು ಅನ್ನದಷ್ಟೇ ಅವಶ್ಯಕವಾದುದು. ಆಟದಿಂದ ಮೂಳೆಗಳು ಗಟ್ಟಿಯಾಗುತ್ತವೆ, ಸ್ನಾಯುಗಳು ಬಲಗೊಳ್ಳುತ್ತವೆ, ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಹೆಚ್ಚುತ್ತದೆ. ಸೋಲು ಗೆಲುವುಗಳನ್ನು ಸಮಚಿತ್ತದಿಂದ ಸ್ವೀಕರಿಸುವ ಗುಣವೂ ಆಟದ ಬಯಲಿನಲ್ಲಿಯೇ ಮೈಗೂಡುತ್ತದೆ. ಆದರೆ ಆಟವಿದ್ದಲ್ಲಿ ಪೆಟ್ಟೂ ಇರುತ್ತದೆ. ‘ನಡೆಯುವವರು ಎಡಹುವರಲ್ಲದೆ ಕುಳಿತವರು ಎಡಹುವರೇ?’ ಎಂಬ ಗಾದೆಯ ಮಾತು ಇದನ್ನೇ ಹೇಳುತ್ತದೆ. ಎಡಹುವ ಭಯದಿಂದ ಆಟವನ್ನು ಬಿಡುವುದು ಜಾಣತನವಲ್ಲ. ಎಡಹಿದಾಗ ಏನು ಮಾಡಬೇಕೆಂಬುದನ್ನು ತಿಳಿಯದಿರುವುದೂ ಜಾಣತನವಲ್ಲ. ಕ್ರೀಡೆಯಲ್ಲಿ ಉಂಟಾಗುವ ಗಾಯಗಳಲ್ಲಿ ಬಹುಪಾಲು ಚಿಕ್ಕವು. ಮೊದಲ ಒಂದು ಗಂಟೆಯಲ್ಲಿ ಸರಿಯಾದ ಆರೈಕೆ ದೊರೆತರೆ, ಗಾಯಗೊಂಡವರು ನೋವನ್ನು ಮುಚ್ಚಿಡದೆ ಹೇಳಿದರೆ, ಅವು ಕೆಲವೇ ವಾರಗಳಲ್ಲಿ ಮಾಯುತ್ತವೆ. ಅಜ್ಞಾನದಿಂದಲೋ ಹುಸಿ ಧೈರ್ಯದಿಂದಲೋ ಅಲಕ್ಷಿಸಿದರೆ ಅದೇ ಚಿಕ್ಕ ಗಾಯ ಜೀವಮಾನದ ಕುಂದಾಗಿ ಉಳಿಯಬಹುದು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿಗೆ ಸೇರಿದ ಯಲ್ಲದಕೆರೆಯು ಬಯಲುಸೀಮೆಯ ಒಂದು ಗ್ರಾಮ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಈ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ನೀರು ಹರಿಯುವ ಭಾಗಗಳನ್ನು ಬಿಟ್ಟರೆ ಹಿರಿಯೂರು ತಾಲ್ಲೂಕಿನ ಬಹುಭಾಗ ಒಣಭೂಮಿಯೇ ಆಗಿದೆ. ಇಂತಹ ಊರುಗಳಲ್ಲಿ ಆಟದ ಬಯಲೆಂದರೆ ಹಸಿರು ಹುಲ್ಲಿನ ಹಾಸಲ್ಲ. ಬಿಸಿಲಿಗೆ ಕಾದು ಗಟ್ಟಿಯಾದ ನೆಲ, ಅಲ್ಲಲ್ಲಿ ಮೇಲೆದ್ದ ಗರಸು ಕಲ್ಲು. ಇಂತಹ ನೆಲದ ಮೇಲೆಯೇ ಮಕ್ಕಳು ಕಬಡ್ಡಿ, ಖೊ ಖೊ, ವಾಲಿಬಾಲ್ ಆಟಗಳನ್ನು ಕಲಿಯುತ್ತಾರೆ. ಹೋಬಳಿ ಮಟ್ಟದ ಪಂದ್ಯಗಳಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದವರೆಗೂ ಏರುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್‌ನಲ್ಲಿ ಗೆದ್ದ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡರಲ್ಲಿಯೂ ಕರ್ನಾಟಕದ ಆಟಗಾರರು ಇದ್ದರು. ಮಣ್ಣಿನ ಅಂಗಳದಿಂದ ಅಷ್ಟು ದೂರ ಸಾಗಬೇಕಾದರೆ ಚುರುಕುತನವೊಂದೇ ಸಾಲದು. ಚುರುಕಾದ ಕಾಲುಗಳನ್ನು ಕಾಪಾಡಿಕೊಳ್ಳುವ ವಿವೇಕವೂ ಬೇಕು.

ಗಾಯಗಳ ಸ್ವರೂಪವನ್ನು ಅರಿಯಲು ದೇಹದ ರಚನೆಯನ್ನು ಸ್ವಲ್ಪಮಟ್ಟಿಗೆ ತಿಳಿದಿರಬೇಕು. ಎರಡು ಮೂಳೆಗಳು ಸೇರುವ ಎಡೆಯೇ ಕೀಲು. ಕೀಲಿನಲ್ಲಿ ಮೂಳೆಯನ್ನು ಮೂಳೆಗೆ ಬಿಗಿದು ಹಿಡಿದಿರುವ ಗಟ್ಟಿಯಾದ ಪಟ್ಟಿಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಸ್ನಾಯುವನ್ನು ಮೂಳೆಗೆ ಜೋಡಿಸುವ ಪಟ್ಟಿ ಸ್ನಾಯುರಜ್ಜು. ಓಡುತ್ತಿರುವಾಗ ಪಾದ ಹೊರಳಿ ಕಣಕಾಲಿನ ಅಸ್ಥಿರಜ್ಜು ಹಿಗ್ಗಿದರೆ ಅಥವಾ ಹರಿದರೆ ಅದನ್ನು ಉಳುಕು ಎನ್ನುತ್ತಾರೆ. ಸ್ನಾಯುವಿನ ಎಳೆಗಳೇ ಹರಿದರೆ ಅದು ಸ್ನಾಯುವಿನ ಹರಿತ. ವೇಗದ ಓಟಗಾರರಲ್ಲಿ ತೊಡೆಯ ಹಿಂಭಾಗದಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮೂಳೆಯ ತುದಿ ತನ್ನ ಸ್ಥಾನದಿಂದ ಸರಿದರೆ ಕೀಲು ತಪ್ಪಿತೆಂದೂ, ಮೂಳೆಯೇ ಬಿರುಕುಬಿಟ್ಟರೆ ಮುರಿತವೆಂದೂ ಹೇಳುತ್ತಾರೆ. ಪ್ರತಿಯೊಂದು ಆಟಕ್ಕೂ ಅದರದೇ ಆದ ಅಪಾಯಗಳಿವೆ. ಖೊ ಖೊ ಆಟದಲ್ಲಿ ಥಟ್ಟನೆ ದಿಕ್ಕು ಬದಲಿಸುವುದರಿಂದ ಕಣಕಾಲು ಉಳುಕುತ್ತದೆ. ಕಂಬದ ಬಳಿ ಹಾರಿ ಬೀಳುವುದರಿಂದ ಮೊಣಕೈ, ಮೊಣಕಾಲುಗಳು ತರಚುತ್ತವೆ. ಕಬಡ್ಡಿಯಲ್ಲಿ ಕಾಲನ್ನು ಹಿಡಿದೆಳೆದಾಗ ಮೊಣಕಾಲು ತಿರುಚಿಕೊಳ್ಳಬಹುದು; ತೋಳಿನ ಮೇಲೆ ಭಾರ ಬಿದ್ದಾಗ ಭುಜದ ಕೀಲು ತಪ್ಪಬಹುದು. ವಾಲಿಬಾಲ್ ಆಟಗಾರರಲ್ಲಿ ಬೆರಳುಗಳಿಗೂ ನೆಗೆದು ಇಳಿಯುವ ಕಾಲುಗಳಿಗೂ ಪೆಟ್ಟಾಗುವುದು ಹೆಚ್ಚು.

ಈ ಗಾಯಗಳಲ್ಲಿ ಅನೇಕವನ್ನು ಬಾರದಂತೆ ತಡೆಯಬಹುದು. ತಣ್ಣಗಿರುವ ಸ್ನಾಯು ಬಿಗಿಯಾಗಿರುತ್ತದೆ. ಹತ್ತು ಹದಿನೈದು ನಿಮಿಷ ನಿಧಾನವಾಗಿ ಓಡಿ, ಮೈಯನ್ನು ಬಾಗಿಸಿ, ಕುಪ್ಪಳಿಸಿ ಬೆಚ್ಚಗಾದ ಸ್ನಾಯು ಸುಲಭವಾಗಿ ಹಿಗ್ಗುತ್ತದೆ. ಮೆದುಳಿನ ಆಜ್ಞೆಯನ್ನು ಬೇಗ ಪಾಲಿಸುತ್ತದೆ. ಈ ಪೂರ್ವಸಿದ್ಧತೆಯ ಬೆಲೆ ಎಷ್ಟೆಂಬುದನ್ನು ನಾರ್ವೆ ದೇಶದ ಅಧ್ಯಯನವೊಂದು ತೋರಿಸಿಕೊಟ್ಟಿದೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 13ರಿಂದ 17 ವರ್ಷ ವಯಸ್ಸಿನ 1,800ಕ್ಕೂ ಹೆಚ್ಚು ಫುಟ್‌ಬಾಲ್ ಆಟಗಾರ್ತಿಯರು ಪಾಲ್ಗೊಂಡಿದ್ದರು. ಅವರಲ್ಲಿ ಒಂದು ಗುಂಪಿನವರು ಅಭ್ಯಾಸಕ್ಕೆ ಮೊದಲು ಸುಮಾರು 20 ನಿಮಿಷಗಳ ಕಾಲ ಓಟ, ಕಾಲುಗಳ ಬಲವರ್ಧನೆ, ಒಂಟಿ ಕಾಲಿನ ಸಮತೋಲನ, ನೆಗೆದು ಮೆತ್ತಗೆ ಇಳಿಯುವ ಅಭ್ಯಾಸಗಳನ್ನು ಕ್ರಮವಾಗಿ ಮಾಡಿದರು. ಅವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟೂ, ತೀವ್ರವಾದ ಗಾಯಗಳು ಹೆಚ್ಚುಕಡಮೆ ಅರ್ಧದಷ್ಟೂ ಕಡಮೆಯಾದವು. ಈ ಅಭ್ಯಾಸಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಯಾವ ಹಳ್ಳಿಯ ಶಾಲೆಯ ಬಯಲಿನಲ್ಲಿಯೂ ಇದನ್ನು ಮಾಡಬಹುದು. ನೆಗೆದು ಇಳಿಯುವಾಗ ಮೊಣಕಾಲುಗಳನ್ನು ತುಸು ಬಾಗಿಸಿ, ಅವು ಒಳಮುಖವಾಗಿ ವಾಲದಂತೆ ನೋಡಿಕೊಳ್ಳುವುದು ಎಲ್ಲರಿಗೂ, ವಿಶೇಷವಾಗಿ ಬಾಲಕಿಯರಿಗೆ, ಬಹಳ ಮುಖ್ಯವಾದುದು.

ಅಂಗಳದ ಸಿದ್ಧತೆಯೂ ಇಷ್ಟೇ ಮುಖ್ಯ. ಆಟಕ್ಕೆ ಮೊದಲು ಆಟಗಾರರೆಲ್ಲರೂ ಸಾಲಾಗಿ ನಿಂತು ಅಂಗಳವನ್ನು ಒಮ್ಮೆ ದಾಟಿ, ಕಲ್ಲು, ಗಾಜಿನ ಚೂರು, ಮುಳ್ಳುಗಳನ್ನು ಆರಿಸಿ ಎಸೆದರೆ ಐದು ನಿಮಿಷದ ಶ್ರಮದಿಂದ ಹಲವು ಗಾಯಗಳು ತಪ್ಪುತ್ತವೆ. ಕಬಡ್ಡಿಯ ಅಂಗಳವನ್ನು ಅಗೆದು, ಜರಡಿ ಹಿಡಿದ ಮಣ್ಣನ್ನು ಹರಡಿ, ನೀರು ಚಿಮುಕಿಸಿದರೆ ನೆಲ ಮೆತ್ತಗಾಗುತ್ತದೆ. ಉಗುರುಗಳನ್ನು ಕತ್ತರಿಸಿಕೊಂಡಿರಬೇಕು, ಉಂಗುರ, ಬಳೆ, ಸರಗಳನ್ನು ತೆಗೆದಿಡಬೇಕು. ಕ್ರಿಕೆಟ್ಟಿನ ಗಟ್ಟಿ ಚೆಂಡಿನೊಡನೆ ಆಡುವವರು ತಲೆಗೆ ಹೆಲ್ಮೆಟ್ ಧರಿಸಲೇಬೇಕು. ಭಾರತದ ಪರ ಆಡಿದ್ದ ರಮಣ್ ಲಾಂಬಾ 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ದಾಂಡಿಗನ ಸಮೀಪದಲ್ಲಿ ಕ್ಷೇತ್ರರಕ್ಷಣೆಗೆ ನಿಂತಿದ್ದಾಗ ತಲೆಗೆ ಚೆಂಡು ಬಡಿದು, ಕೆಲವು ದಿನಗಳಲ್ಲಿಯೇ ತೀರಿಕೊಂಡರು.

ಬಯಲುಸೀಮೆಯಲ್ಲಿ ಬಿಸಿಲಿನ ಬಾಧೆಯನ್ನು ಮರೆಯುವಂತಿಲ್ಲ. ಬೆವರಿನ ಮೂಲಕ ದೇಹವು ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ. ಬಳಲಿದ ಆಟಗಾರನ ಮೀನಖಂಡದಲ್ಲಿ ಸೆಳೆತ ಕಾಣಿಸಿಕೊಂಡರೆ ಆಟ ನಿಲ್ಲಿಸಿ, ಪಾದದ ಬೆರಳುಗಳನ್ನು ಮೆಲ್ಲಗೆ ಮೊಣಕಾಲಿನ ಕಡೆಗೆ ಎಳೆದು ಹಿಡಿದು, ನೀರು ಕುಡಿಸಬೇಕು. ಆಟಕ್ಕೆ ಮೊದಲೂ ಆಟದ ನಡುವೆಯೂ ನೀರು ಕುಡಿಯುವುದು ಬಲಹೀನತೆಯ ಲಕ್ಷಣವಲ್ಲ. ಉಪ್ಪು ಬೆರೆಸಿದ ನೀರುಮಜ್ಜಿಗೆ ಉತ್ತಮವಾದ ಪಾನೀಯ. ತಲೆಸುತ್ತು, ವಾಕರಿಕೆ, ವಿಪರೀತ ಬಳಲಿಕೆ ಕಂಡವರನ್ನು ನೆರಳಿಗೆ ಕರೆತರಬೇಕು. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಅದು ಬಿಸಿಲಿನ ಆಘಾತ. ಇದು ಪ್ರಾಣಾಪಾಯದ ಸ್ಥಿತಿ. ಕೂಡಲೇ ವಾಹನಕ್ಕೆ ಹೇಳಿಕಳುಹಿಸಿ, ಅದು ಬರುವವರೆಗೆ ಕಾಯದೆ ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಗಾಯಗಳಲ್ಲೆಲ್ಲ ಅತಿ ಸಾಮಾನ್ಯವಾದುದು ಕಣಕಾಲಿನ ಉಳುಕು. ಪಾದ ಒಳಮುಖವಾಗಿ ಹೊರಳಿದಾಗ ಕೀಲಿನ ಹೊರಬದಿಯಲ್ಲಿ ನೋವು, ಊತ, ಕೆಲವೊಮ್ಮೆ ನೀಲಿಗಟ್ಟಿದ ಬಣ್ಣ ಕಾಣಿಸುತ್ತದೆ. ಇದು ಬರಿಯ ಉಳುಕೋ ಮೂಳೆಯ ಮುರಿತವೋ ಎಂಬ ಸಂದೇಹ ಏಳುವುದು ಸಹಜ. 1992ರಲ್ಲಿ ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು ಇದಕ್ಕೆ ಸರಳವಾದ ಪರೀಕ್ಷೆಯೊಂದನ್ನು ರೂಪಿಸಿದರು. ಪೆಟ್ಟಾದವರಿಗೆ ನಾಲ್ಕು ಹೆಜ್ಜೆ ನಡೆಯಲು ಸಾಧ್ಯವಾಗದಿದ್ದರೆ, ಅಥವಾ ಕಣಕಾಲಿನ ಎರಡು ಬದಿಯ ಮೂಳೆಗಂಟುಗಳ ತುದಿಯನ್ನೂ ಹಿಂಬದಿಯನ್ನೂ ಒತ್ತಿದಾಗ ತೀವ್ರ ನೋವಾದರೆ ಎಕ್ಸ್‌ರೇ ಅಗತ್ಯ. ಈ ಪರೀಕ್ಷೆಯನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ನಾಲ್ಕು ಹೆಜ್ಜೆ ಇಡಲಾಗದ ಆಟಗಾರನನ್ನು ‘ಏಳು, ಓಡಿದರೆ ಸರಿಹೋಗುತ್ತದೆ’ ಎಂದು ಹುರಿದುಂಬಿಸುವುದು ಎಷ್ಟು ತಪ್ಪೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಉಳುಕಿದ ಕಾಲಿಗೆ ಮಾಡಬೇಕಾದ ಮೊದಲ ಉಪಚಾರವೆಂದರೆ ಆಟವನ್ನು ನಿಲ್ಲಿಸುವುದು. ಅನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬೇಕು. ಬರಿಯ ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು. ಮಂಜುಗಡ್ಡೆ ದೊರೆಯದ ಊರುಗಳಲ್ಲಿ ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸುತ್ತಿದ್ದರೂ ನೋವು ಕಡಮೆಯಾಗುತ್ತದೆ. ಬಳಿಕ ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಕಡೆಯಿಂದ ಮೇಲಕ್ಕೆ ಹದವಾಗಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಬೇಕು. ಬೆರಳುಗಳು ಜೋಮು ಹಿಡಿದರೆ, ತಣ್ಣಗಾದರೆ ಅಥವಾ ನೀಲಿಯಾದರೆ ಕಟ್ಟು ಬಿಗಿಯಾಯಿತೆಂದು ತಿಳಿದು ಸಡಿಲಿಸಬೇಕು. ಮೊದಲ ಎರಡು ಮೂರು ದಿನ ಬಿಸಿನೀರಿನ ಶಾಖ ಕೊಡುವುದಾಗಲಿ, ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದಾಗಲಿ ಕೂಡದು. ಹರಿದ ಸೂಕ್ಷ್ಮ ರಕ್ತನಾಳಗಳಿಂದ ಇನ್ನಷ್ಟು ರಕ್ತ ಒಸರಿ ಊತ ಹೆಚ್ಚುವುದೇ ಇದಕ್ಕೆ ಕಾರಣ.

ವಿಶ್ರಾಂತಿ, ಮಂಜುಗಡ್ಡೆ, ಕಟ್ಟು, ಎತ್ತರಿಸುವಿಕೆ ಎಂಬ ಈ ನಾಲ್ಕು ಅಂಗಗಳ ಕ್ರಮವನ್ನು 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರು ಪ್ರಚಾರಕ್ಕೆ ತಂದರು. ದೀರ್ಘಕಾಲ ಮಂಜುಗಡ್ಡೆ ಇಡುವುದರಿಂದಲೂ ಪೂರ್ಣ ವಿಶ್ರಾಂತಿಯಿಂದಲೂ ಗಾಯ ಮಾಯುವುದು ತಡವಾಗಬಹುದೆಂದು ಮುಂದೆ ಅವರೇ ಒಪ್ಪಿಕೊಂಡರು. ಮಂಜುಗಡ್ಡೆಯ ಉಪಯೋಗ ಮೊದಲ ದಿನಗಳ ನೋವನ್ನು ತಗ್ಗಿಸುವುದಕ್ಕೆ ಮಾತ್ರ ಸೀಮಿತ. ಎರಡು ಮೂರು ದಿನಗಳ ಅನಂತರ ನೋವು ಹೆಚ್ಚದಷ್ಟು ಪ್ರಮಾಣದಲ್ಲಿ ಕೀಲನ್ನು ಆಡಿಸಬೇಕು, ಮೆಲ್ಲಮೆಲ್ಲನೆ ನಡೆಯಬೇಕು. ಉಳುಕಿದ ಕಾಲು ತನ್ನ ಸ್ಥಿತಿಯನ್ನು ಮೆದುಳಿಗೆ ತಿಳಿಸುವ ಸೂಕ್ಷ್ಮತೆಯನ್ನು ಸ್ವಲ್ಪ ಕಳೆದುಕೊಂಡಿರುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೇ ಮುಖ್ಯ ಕಾರಣ. ದಿನವೂ ಕೆಲವು ನಿಮಿಷ ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸದಿಂದ ಆ ಸೂಕ್ಷ್ಮತೆ ಮರಳುತ್ತದೆ. ಗಾಯವಾದ ಕಾಲಿನ ಮೇಲೆ, ಇನ್ನೊಂದು ಕಾಲಿನ ಮೇಲೆ ಕುಪ್ಪಳಿಸುವಷ್ಟೇ ಸರಾಗವಾಗಿ, ನೋವಿಲ್ಲದೆ ಕುಪ್ಪಳಿಸಲು ಸಾಧ್ಯವಾಗುವವರೆಗೆ ಅಂಗಳಕ್ಕೆ ಇಳಿಯಬಾರದು.

ಕೈಕಾಲು ಸೊಟ್ಟಗಾಗಿ ಕಂಡರೆ, ಅಲುಗಿಸಲಾಗದಷ್ಟು ನೋವಿದ್ದರೆ, ಮುರಿತವೆಂದೋ ಕೀಲು ತಪ್ಪಿದೆಯೆಂದೋ ಭಾವಿಸಿಯೇ ನಡೆದುಕೊಳ್ಳಬೇಕು. ತಪ್ಪಿದ ಭುಜವನ್ನು ಎಳೆದು ಕೂಡಿಸಲು ಗೆಳೆಯರು ಯತ್ನಿಸಬಾರದು. ನರಕ್ಕೂ ರಕ್ತನಾಳಕ್ಕೂ ಅದರಿಂದ ಹಾನಿಯಾಗಬಹುದು. ಪೆಟ್ಟಾದ ಅಂಗವನ್ನು ಇದ್ದ ಸ್ಥಿತಿಯಲ್ಲಿಯೇ ಇರಿಸಿ, ಮಡಿಸಿದ ವೃತ್ತಪತ್ರಿಕೆಯನ್ನೋ ಬಟ್ಟೆ ಸುತ್ತಿದ ಪಟ್ಟಿಯನ್ನೋ ಆಸರೆಯಾಗಿ ಕಟ್ಟಿ, ಆಸ್ಪತ್ರೆಗೆ ಸಾಗಿಸಬೇಕು. ಶಾಲಾ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದುವಾದ ಬೆಳವಣಿಗೆಯ ಪದರವೊಂದಿರುತ್ತದೆ. ಎತ್ತರ ಹೆಚ್ಚುವುದು ಈ ಪದರದ ಮೂಲಕವೇ. ಅಸ್ಥಿರಜ್ಜುವಿಗಿಂತ ಈ ಪದರ ದುರ್ಬಲವಾದುದು. ಆದ್ದರಿಂದ ವಯಸ್ಕರಲ್ಲಿ ಬರಿಯ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಬೆಳವಣಿಗೆಯ ಪದರದ ಮುರಿತವಾಗಬಹುದು. ಅದನ್ನು ಗಮನಿಸದೆ ಬಿಟ್ಟರೆ ಆ ಕೈ ಅಥವಾ ಕಾಲು ಗಿಡ್ಡವಾಗಿಯೋ ಸೊಟ್ಟಗೋ ಬೆಳೆಯುವ ಅಪಾಯವಿದೆ.

ಗ್ರಾಮಾಂತರ ಪ್ರದೇಶಗಳಲ್ಲಿ ಮೂಳೆಗೆ ಪೆಟ್ಟಾದಾಗ ನಾಟಿ ವೈದ್ಯರ ಬಳಿ ಕಟ್ಟು ಹಾಕಿಸುವ ರೂಢಿ ಇಂದಿಗೂ ಇದೆ. ಆಂಧ್ರಪ್ರದೇಶದ ಪುತ್ತೂರಿನ ಕಟ್ಟು ಕನ್ನಡ ನಾಡಿನಲ್ಲಿಯೂ ಹೆಸರಾದುದು. ಬಡವರಿಗೆ ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಇಂತಹ ಕಟ್ಟು ಹಾಕುವವರೇ ಆಸರೆಯಾಗಿದ್ದರು. ಆದರೆ ಹೊರಗಿನಿಂದ ಮುಟ್ಟಿ ನೋಡಿದ ಮಾತ್ರಕ್ಕೆ ಬೆಳವಣಿಗೆಯ ಪದರದ ಬಿರುಕು ತಿಳಿಯುವುದಿಲ್ಲ. ಮೇಲಾಗಿ ಊದಿಕೊಳ್ಳುತ್ತಿರುವ ಕೈಗೆ ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು ಸ್ನಾಯುಗಳು ಸಾಯಬಹುದು. ಕೆಲವೇ ಗಂಟೆಗಳಲ್ಲಿ ಕೈ ಶಾಶ್ವತವಾಗಿ ಊನವಾಗಬಹುದು. ಆದುದರಿಂದ ಮೊದಲು ಎಕ್ಸ್‌ರೇ ತೆಗೆಸಿ ವೈದ್ಯರ ಸಲಹೆ ಪಡೆಯಬೇಕು. ಯಲ್ಲದಕೆರೆಯ ಕಡೆಯವರಿಗೆ ಹಿರಿಯೂರಿನಲ್ಲಿ ತಾಲ್ಲೂಕು ಆಸ್ಪತ್ರೆಯೂ ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆಯೂ ಇವೆ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಸಂಖ್ಯೆಯ ಆಂಬುಲೆನ್ಸ್ ಸೇವೆಯನ್ನು ಹಣ ಕೊಡದೆ ಪಡೆಯಬಹುದು.

ತರಚು ಗಾಯ ಚಿಕ್ಕದೆಂದು ಅಲಕ್ಷಿಸಬಾರದು. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಗಾಯವನ್ನು ಶುದ್ಧವಾದ ನೀರು, ಸಾಬೂನುಗಳಿಂದ ಚೆನ್ನಾಗಿ ತೊಳೆದು ಶುಚಿಯಾದ ಬಟ್ಟೆ ಕಟ್ಟಬೇಕು. ಕಾಫಿಪುಡಿ, ಸುಣ್ಣ, ಮಣ್ಣುಗಳನ್ನು ಮೆತ್ತಬಾರದು. ಧನುರ್ವಾಯುವನ್ನು ತಡೆಯುವ ಲಸಿಕೆಯನ್ನು 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರವೇ ಕೊಡುತ್ತದೆ, ಅದನ್ನು ತಪ್ಪಿಸಬಾರದು. ಶಾಶ್ವತ ಹಲ್ಲು ಬಿದ್ದುಹೋದರೆ ಬೇರಿನ ಭಾಗವನ್ನು ಮುಟ್ಟದೆ ಎತ್ತಿಕೊಂಡು, ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ದಂತವೈದ್ಯರ ಬಳಿಗೆ ಹೋದರೆ ಅದನ್ನು ಮತ್ತೆ ನಾಟುವ ಸಂಭವವುಂಟು. ಮೂಗಿನಿಂದ ರಕ್ತ ಸುರಿದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಹಿಡಿದಿರಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದುದು ತಲೆಯ ಪೆಟ್ಟಿನಲ್ಲಿ. ಪ್ರಜ್ಞೆ ತಪ್ಪದಿದ್ದ ಮಾತ್ರಕ್ಕೆ ಮೆದುಳಿಗೆ ಆಘಾತವಾಗಿಲ್ಲವೆಂದು ತಿಳಿಯಬಾರದು. ತಲೆನೋವು, ಮಂಕು ಕವಿಯುವುದು, ಅಂಕಗಳನ್ನು ಮರೆಯುವುದು, ಓಲಾಡುವ ನಡಿಗೆ ಇವುಗಳಲ್ಲಿ ಒಂದು ಕಂಡರೂ ಆ ದಿನ ಮತ್ತೆ ಆಡಲು ಬಿಡಕೂಡದು. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆಯೇ ಆಟಕ್ಕೆ ಮರಳಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಲಾಗದ ನಿದ್ದೆ, ಕೈಕಾಲುಗಳ ನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಕುತ್ತಿಗೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ಬಿದ್ದವರನ್ನು ಎತ್ತಿ ಕೂರಿಸದೆ, ತಲೆ ಅಲುಗದಂತೆ ಹಿಡಿದು, ನೆರವು ಬರುವವರೆಗೆ ಕಾಯಬೇಕು.

ಇಷ್ಟೆಲ್ಲ ತಿಳಿದಿದ್ದರೂ ಗಾಯಗೊಂಡವರೇ ಬಾಯಿ ಬಿಡದಿದ್ದರೆ ಯಾವ ಉಪಚಾರವೂ ಸಾಧ್ಯವಾಗದು. ತಾಲ್ಲೂಕು ಪಂದ್ಯಕ್ಕೆ ಎರಡು ದಿನವಿರುವಾಗ ಖೊ ಖೊ ತಂಡದ ಬಾಲಕಿಯೊಬ್ಬಳ ಕಣಕಾಲು ಉಳುಕಿತೆಂದು ಭಾವಿಸಬಹುದು. ಹೇಳಿದರೆ ತಂಡದಿಂದ ಬಿಡುತ್ತಾರೆಂಬ ಅಳುಕು ಒಂದು ಕಡೆ. ಮನೆಯಲ್ಲಿ ತಿಳಿದರೆ ಇನ್ನು ಆಟಕ್ಕೇ ಕಳುಹಿಸುವುದಿಲ್ಲವೆಂಬ ಭಯ ಇನ್ನೊಂದು ಕಡೆ. ಅವಳು ಬಟ್ಟೆ ಬಿಗಿದುಕೊಂಡು ಆಡುತ್ತಾಳೆ. ಅರ್ಧ ಹರಿದಿದ್ದ ಅಸ್ಥಿರಜ್ಜು ಪೂರ್ಣ ಹರಿಯುತ್ತದೆ. ಮೂರು ವಾರಗಳ ವಿಶ್ರಾಂತಿಯಿಂದ ಮುಗಿಯಬಹುದಾಗಿದ್ದುದು ಮೂರು ವರ್ಷಗಳ ಆಟವನ್ನೇ ಕಿತ್ತುಕೊಳ್ಳುತ್ತದೆ. ಇದರಲ್ಲಿ ಅವಳ ತಪ್ಪು ಅಲ್ಪ. ನೋವನ್ನು ಹೇಳಿಕೊಂಡವರನ್ನು ಹೇಡಿಗಳೆಂದು ನಗುವ ಗೆಳೆಯರೂ, ಗೆಲುವೊಂದನ್ನೇ ಬಯಸುವ ಹಿರಿಯರೂ, ಗಾಯವಾದೊಡನೆ ಆಟವನ್ನೇ ನಿಲ್ಲಿಸುವ ಮನೆಯವರೂ ಆ ಮೌನಕ್ಕೆ ಹೊಣೆಗಾರರಾಗುತ್ತಾರೆ.

ಧೈರ್ಯದ ಮಾತು ಬಂದಾಗ ಬೆಂಗಳೂರಿನ ಅನಿಲ್ ಕುಂಬ್ಳೆಯವರ ಹೆಸರನ್ನು ಜನರು ನೆನೆಯುತ್ತಾರೆ. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗುವಾದಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಚೆಂಡು ಬಡಿದು ಅವರ ದವಡೆಯ ಮೂಳೆ ಮುರಿಯಿತು. ಆದರೂ ಅವರು ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಬಂದು 14 ಓವರುಗಳನ್ನು ಎಸೆದು, ಬ್ರಯನ್ ಲಾರಾ ಅವರ ವಿಕೆಟನ್ನು ಪಡೆದರು. ಇದು ಅಸಾಮಾನ್ಯವಾದ ಕೆಚ್ಚು. ಆದರೆ ಇದರಿಂದ ಕಲಿಯಬೇಕಾದ ಪಾಠವನ್ನು ವಿವೇಚನೆಯಿಂದ ಕಲಿಯಬೇಕು. ಕುಂಬ್ಳೆಯವರು ಗಾಯವನ್ನು ಬಚ್ಚಿಡಲಿಲ್ಲ. ಅವರ ದವಡೆಯನ್ನು ಕಟ್ಟಿ ಭದ್ರಪಡಿಸಲಾಗಿತ್ತು. ಮುರಿದ ಮೂಳೆಯ ಮೇಲೆ ಓಟದ ಭಾರವೂ ಬೀಳುತ್ತಿರಲಿಲ್ಲ. ಅವರು ಬೆಳವಣಿಗೆ ಮುಗಿದ ವಯಸ್ಕರು. ಆ ಬಳಿಕ ಶಸ್ತ್ರಚಿಕಿತ್ಸೆಗಾಗಿ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ಮರಳಿದರು. ಬೆಳೆಯುವ ಮೂಳೆಯ ಬಾಲಕನೊಬ್ಬ ಯಾರಿಗೂ ಹೇಳದೆ ಮುರಿದ ಕಾಲಿನಲ್ಲಿ ಓಡುವುದು ಇದಕ್ಕೆ ಸಮಾನವಾಗದು.

ಕಾಯುವ ತಾಳ್ಮೆಯೂ ಒಂದು ಬಗೆಯ ಧೈರ್ಯವೇ. ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅವರು 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸವನ್ನು ಕಳೆದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಕಾದರು. ಅದೇ ಭುಜದಿಂದ 1999ರಲ್ಲಿ ಕಲ್ಕತ್ತದ ಟೆಸ್ಟ್ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್‌ಗಳನ್ನು ಉರುಳಿಸಿದರು. ಕರ್ನಾಟಕದವರೇ ಆದ ಕೆ.ಎಲ್. ರಾಹುಲ್ ಅವರು 2023ರ ಮೇ ತಿಂಗಳಲ್ಲಿ ಚೆಂಡನ್ನು ಬೆನ್ನಟ್ಟಿ ಓಡುವಾಗ ತೊಡೆಯ ಸ್ನಾಯುರಜ್ಜುವಿಗೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆಯ ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಹಂತಹಂತವಾಗಿ ಚೇತರಿಸಿಕೊಂಡು, ಸುಮಾರು ನಾಲ್ಕು ತಿಂಗಳ ಅನಂತರ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಓಟಗಳನ್ನು ಗಳಿಸಿದರು. ಇಬ್ಬರೂ ಅಂಗಳಕ್ಕೆ ಮರಳಿದ್ದು ಗಾಯ ಪೂರ್ಣವಾಗಿ ಮಾಗಿದ ಮೇಲೆ.

ನೋವು ದೇಹವು ಆಡುವ ಮಾತು. ಅದನ್ನು ಕೇಳಿಸಿಕೊಳ್ಳುವವನು ಹೇಡಿಯಲ್ಲ. ಸಹ ಆಟಗಾರನ ನೋವನ್ನು ಗಮನಿಸಿ ಆಟ ನಿಲ್ಲಿಸುವವನು ಸೋತವನೂ ಅಲ್ಲ. ಪ್ರತಿ ಶಾಲೆಯಲ್ಲಿಯೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದು ಸದಾ ಸಿದ್ಧವಾಗಿರಬೇಕು. ಅದನ್ನು ಬಳಸಬಲ್ಲ ವಿದ್ಯಾರ್ಥಿಗಳು ಪ್ರತಿ ತಂಡದಲ್ಲಿಯೂ ಇರಬೇಕು. ಪಂದ್ಯಗಳು ವರ್ಷವರ್ಷವೂ ಬರುತ್ತವೆ. ಮನುಷ್ಯನಿಗೆ ದೊರೆಯುವ ದೇಹ ಮಾತ್ರ ಒಂದೇ. ಅದನ್ನು ಕಾಪಾಡಿಕೊಂಡು ಆಡಿದವರೇ ಬಹುಕಾಲ ಆಡುತ್ತಾರೆ.